ದೂಳಿನ ಸೀಮೆಗೆ ಯಾವ ಸಿ.ಡಿ. ಪ್ಲೇಯರ್?

ಪ್ರಶ್ನೆ: ಅಪ್ಪ ಕೂಡಿಟ್ಟ ರಂಗಗೀತೆ, ಭಾವಗೀತೆಗಳ ಸಿ.ಡಿ.ಗಳಿವೆ. ಮಧ್ಯಮ ಬೆಲೆಯಲ್ಲಿ ಯಾವ ಪ್ಲೇಯರ್ ಕೊಳ್ಳಲಿ? – ಓದುಗರು, ಮೊಳಕಾಲ್ಮುರು

ಉತ್ತರ: ಮೊದಲು ಆ ಡಿಸ್ಕುಗಳನ್ನು ನೋಡಿ. ಒಂದರಲ್ಲೇ ನೂರು ಹಾಡಿದ್ದರೆ ಅದು ಎಂಪಿ3. ಮಾಮೂಲಿ ಆಡಿಯೊ ಸಿ.ಡಿ.ಯಲ್ಲಿ ಹಿಡಿಯುವುದು 74ರಿಂದ 80 ನಿಮಿಷ. ಕೆಲವು ದುಬಾರಿ ಪ್ಲೇಯರುಗಳು ಎಂಪಿ3 ಮುಟ್ಟುವುದೇ ಇಲ್ಲ. ಯಮಹಾ ಸಿಡಿ-ಎಸ್303 ಎರಡನ್ನೂ ಓದುತ್ತದೆ, ಪೆನ್‌ಡ್ರೈವ್ ಕೂಡ ಹಾಕಬಹುದು. ಆಂಪ್ಲಿಫೈಯರ್, ಸ್ಪೀಕರ್ ಬೇರೆ ಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆಡಿಯೊ ಸಿ.ಡಿ.ಯಲ್ಲಿರುವುದೇ 16 ಬಿಟ್, 44.1 ಕಿಲೋಹರ್ಟ್ಜ್. ಅಂಗಡಿಯವರು '32 ಬಿಟ್' ಎಂದು ಹೊಗಳಿದರೆ ತಲೆಯಾಡಿಸಿ ಸುಮ್ಮನಿರಿ. ಗೀರು ಬಿದ್ದ ನಿಮ್ಮದೇ ಡಿಸ್ಕು ಒಯ್ದು ಕೊನೆಯ ಹಾಡು ಹಾಕಿಸಿ. ಲೇಸರ್ ಒಳಗಿನಿಂದ ಹೊರಕ್ಕೆ ಓದುತ್ತಾ ಹೋಗುತ್ತದೆ. ಬೆರಳಚ್ಚು, ಓಲಾಟ ಎಲ್ಲ ಅಂಚಿನಲ್ಲೇ ಜಾಸ್ತಿ. ಅಲ್ಲೂ ತಡವರಿಸದಿದ್ದರೆ ಕೊಳ್ಳಿ.

ಮಗ್ಗದ ಮನೆಯಲ್ಲಿ ಕೇಳುವುದಾದರೆ ಇಷ್ಟೆಲ್ಲ ಬೇಡ. ಲಾಳಿಯ ಸದ್ದಿನ ನಡುವೆ ಹಳೆಯ ಡಿವಿಡಿ ಪ್ಲೇಯರೇ ಧಾರಾಳ ಸಾಕು. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ದೂಳಿಗೆ ಟ್ರೇ ತೆರೆದಿಡಬೇಡಿ, ಕರೆಂಟಿನ ಏರಿಳಿತಕ್ಕೆ ಸ್ಟೆಬಿಲೈಸರ್ ಹಾಕಿ. ಡಿಸ್ಕನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತಿ ಉಜ್ಜಬೇಡಿ.