ಮೇಜಿನ ಮೇಲೊಂದು ರೈಲುದಾರಿ

ರೈಲಿನ ಕೂಗು ಕೇಳದೆ ಬೆಳೆದ ಮಕ್ಕಳು ನಮ್ಮ ಜಿಲ್ಲೆಯ ಪಡುವಣ ಊರುಗಳಲ್ಲಿ ವಿರಳ. ಕರಾವಳಿಯ ಈ ಹಳಿ 1907ರಲ್ಲಿ ಮಂಗಳೂರನ್ನು ತಲುಪಿತು. ಅಂದಿನಿಂದ ನೀಲೇಶ್ವರ, ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರಗಳ ಬದುಕಿನಲ್ಲಿ ರೈಲು ಸೇರಿಹೋಗಿದೆ. ಆದರೆ ದಿನವೂ ಕಾಣುವುದನ್ನು ನಾವು ಸರಿಯಾಗಿ ನೋಡಿದ್ದೇವೆಯೇ? ವಿಜ್ಞಾನ ಪ್ರದರ್ಶನಕ್ಕಾಗಿ ರೈಲುದಾರಿಯ ಮಾದರಿಯೊಂದನ್ನು ಮಾಡಹೊರಟಾಗ, ನೋಡಿಲ್ಲವೆಂಬುದು ನಮಗೆ ತಿಳಿಯಿತು.

ನಾವು ಆರಿಸಿದ್ದು ಕಾಸರಗೋಡಿನ ದಕ್ಷಿಣದ ನೋಟವನ್ನು: ಚಂದ್ರಗಿರಿ ಹೊಳೆ, ಅದರ ಮೇಲಿನ ರೈಲು ಸೇತುವೆ, ದಡದ ಹಳೆಯ ಕೋಟೆ, ಕಳನಾಡಿನ ಸುರಂಗ, ಸುತ್ತಲೂ ತೆಂಗಿನ ತೋಟ.

ಅಳತೆಯ ಲೆಕ್ಕ

ಮಾದರಿಗೆ ಮೊತ್ತಮೊದಲು ಬೇಕಾದುದು ಪ್ರಮಾಣ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ 'ಎಚ್‌ಒ' ಪ್ರಮಾಣದಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. 165 ಸೆಂ.ಮೀ. ಎತ್ತರದ ಮನುಷ್ಯ 1.9 ಸೆಂ.ಮೀ. ಆಗುತ್ತಾನೆ, 20 ಮೀಟರಿನ ತೆಂಗಿನಮರ 23 ಸೆಂ.ಮೀ. ಆಗುತ್ತದೆ. ಮರವನ್ನು ಕಣ್ಣಂದಾಜಿನಲ್ಲಿ ಮಾಡಿದರೆ ಅದು ಗಿಡದಂತೆ ಕಾಣುತ್ತದೆ.

ನಮ್ಮ ಹಲಗೆ 244 ಸೆಂ.ಮೀ. ಉದ್ದ, 122 ಸೆಂ.ಮೀ. ಅಗಲ. ನಿಜವಾದ ಒಂದು ಕಿಲೋಮೀಟರಿಗೆ ಈ ಪ್ರಮಾಣದಲ್ಲಿ ಹನ್ನೊಂದೂವರೆ ಮೀಟರ್ ಬೇಕು! ಇಪ್ಪತ್ತು ಡಬ್ಬಿಗಳ ರೈಲಿಗೇ ಸುಮಾರು ಐದು ಮೀಟರ್ ಬೇಕು. ಆದುದರಿಂದ ಮೂರೇ ಡಬ್ಬಿಗಳನ್ನು ಇಟ್ಟೆವು. ವಸ್ತುಗಳ ಅಳತೆ ಕೆಡಬಾರದು. ಅವುಗಳ ನಡುವಿನ ದೂರವನ್ನು ಮಾತ್ರ ಕುಗ್ಗಿಸಬೇಕು ಎಂಬುದು ಇಲ್ಲಿಯ ನಿಯಮ.

ತಿರುವಿನದು ಇನ್ನೊಂದು ತೊಡಕು. ನಮ್ಮ ದೇಶದ ಅಗಲ ಹಳಿಯ ಮೇಲೆ ತಿರುವಿನ ತ್ರಿಜ್ಯ 175 ಮೀಟರಿಗಿಂತ ಕಡಿಮೆ ಇರುವಂತಿಲ್ಲ. ಮಾದರಿಯಲ್ಲಿ ಅದು ಎರಡು ಮೀಟರ್. ಹಲಗೆಯ ಮೇಲೆ ನಮಗೆ ಸಿಕ್ಕಿದ್ದು 45 ಸೆಂ.ಮೀ. ಮಾತ್ರ. ಪರಿಹಾರ ಸುರಂಗದಲ್ಲಿಯೇ ಇತ್ತು! ಗಿಡ್ಡ ತಿರುವುಗಳನ್ನು ಗುಡ್ಡದೊಳಗೆ ಅಡಗಿಸಿ, ನೇರವಾದ ಹಳಿ ಮಾತ್ರ ಎದುರಿಗೆ ಕಾಣುವಂತೆ ಮಾಡಿದೆವು.

ನೆಲ ಮತ್ತು ನೀರು

ಹಲಗೆಯನ್ನೇ ನೆಲವೆಂದು ಭಾವಿಸಿದರೆ ಹೊಳೆ ಹಳಿಯ ಮಟ್ಟಕ್ಕೇ ಬಂದುಬಿಡುತ್ತದೆ. ಆದುದರಿಂದ ಹೊಳೆಯ ಜಾಗದಲ್ಲಿ ಹಲಗೆಯನ್ನು ಕೊಯ್ದು, ಇನ್ನೊಂದು ತುಂಡನ್ನು ಕೆಳಗೆ ಜೋಡಿಸಿದೆವು. ಗುಡ್ಡಕ್ಕೆ ಹಳೆಯ ಪತ್ರಿಕೆ ಮತ್ತು ಮೈದಾ ಅಂಟು, ಮೇಲೆ ಸೋಸಿದ ಮುರಕಲ್ಲಿನ ಪುಡಿ. ನಮ್ಮ ನೆಲದ ಬಣ್ಣಕ್ಕೆ ನಮ್ಮ ನೆಲವೇ ಸರಿ. ಹುಲ್ಲಿಗೆ ಬಣ್ಣ ಹಾಕಿದ ಮರದ ಹುಡಿ, ತೆಂಗಿನ ಕಾಂಡಕ್ಕೆ ತಂತಿ, ಗರಿಗೆ ಕತ್ತರಿಸಿದ ಕಾಗದ.

ಹಳಿ ಕಾಯುವ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಇದನ್ನು ನೋಡಲು ಬಂದರು. ಗುಡ್ಡ ಕಡಿದ ಜಾಗವನ್ನು ತೋರಿಸಿ, "ಮಕ್ಕಳೇ, ನಮ್ಮ ಮಳೆಗೆ ಇದು ನಿಲ್ಲುವುದುಂಟಾ?" ಎಂದರು. ನಾವು ಅಂಚನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದ್ದೆವು, ಚರಂಡಿಯನ್ನೂ ಮಾಡಿರಲಿಲ್ಲ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ನೀರಿಗೆ ದಾರಿ ಬಿಡದಿದ್ದರೆ ಮಣ್ಣು ಹಳಿಯ ಮೇಲೆ ಬೀಳುತ್ತದೆ. ಅಂಚನ್ನು ಇಳಿಜಾರು ಮಾಡಿ, ಎರಡೂ ಬದಿಗೆ ಚರಂಡಿ ತೆಗೆದೆವು. ಆಗಲೇ ಅದು ನಿಜವಾದ ದಾರಿಯಂತೆ ಕಂಡಿತು.

ರೈಲು ಓಡುವ ಬಗೆ

ಮಾದರಿ ಎಂಜಿನಿಗೆ 12 ವೋಲ್ಟಿನ ಏಕಮುಖ ವಿದ್ಯುತ್ತು ಹಳಿಗಳ ಮೂಲಕವೇ ಬರುತ್ತದೆ. ಒಂದು ಹಳಿಯಿಂದ ಚಕ್ರಕ್ಕೆ, ಮೋಟಾರಿಗೆ, ಇನ್ನೊಂದು ಚಕ್ರದಿಂದ ಮತ್ತೊಂದು ಹಳಿಗೆ. ಧನ ಋಣಗಳನ್ನು ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ ಓಡುತ್ತದೆ. ಮನೆಯ ವಿದ್ಯುತ್ತನ್ನು ಹಳಿಗೆ ನೇರವಾಗಿ ಕೊಡಲೇಬಾರದು; ಟ್ರಾನ್ಸ್‌ಫಾರ್ಮರ್ ಇರುವ ನಿಯಂತ್ರಕ ಬೇಕು, ದೊಡ್ಡವರು ಹತ್ತಿರವಿರಬೇಕು. ಹಳಿಯ ಮೇಲೆ ಧೂಳು ಕುಳಿತರೆ ರೈಲು ತಡವರಿಸುತ್ತದೆ, ಆಗಾಗ ಒರೆಸಬೇಕು.

ಮಾದರಿ ಕಲಿಸಿದ ಪಾಠ

ನೋಟ ಸಹಜವಾಗಿರಲೆಂದು ಸೇತುವೆಯಾಚೆ ಒಂದು ಪುಟ್ಟ ಗೊಂಬೆಯನ್ನೂ ಇಟ್ಟಿದ್ದೆವು. ಚೀಲ ಹೆಗಲಿಗೇರಿಸಿ ಹಳಿ ದಾಟುವ ಶಾಲಾಬಾಲಕ. ನಮ್ಮಲ್ಲಿ ಹಲವರು ಹಾಗೆ ದಾಟಿದವರೇ.

ಆಮೇಲೆ ವೇಗದ ಲೆಕ್ಕ ಹಾಕಿದೆವು. ಗಂಟೆಗೆ 100 ಕಿ.ಮೀ. ಓಡುವ ರೈಲು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಮಾದರಿಯಲ್ಲಿ 32 ಸೆಂ.ಮೀ. ಸುರಂಗದ ಬಾಯಿಯಿಂದ ಗೊಂಬೆಗೆ 138 ಸೆಂ.ಮೀ. ದೂರ, ಅಂದರೆ ನಿಜದಲ್ಲಿ 120 ಮೀಟರ್. ಎಂಜಿನನ್ನು ಆ ವೇಗಕ್ಕೆ ಸರಿಹೊಂದಿಸಿ ಗಡಿಯಾರ ಹಿಡಿದೆವು. ಸುರಂಗದಿಂದ ತಲೆ ತೋರಿಸಿದ ರೈಲು ಗೊಂಬೆಯ ಬಳಿ ಬಂದದ್ದು ನಾಲ್ಕು ಸೆಕೆಂಡು ಕಳೆಯುವಷ್ಟರಲ್ಲಿ. ಜೋಡಿ ಹಳಿಯನ್ನು ಈ ಬದಿಯಿಂದ ಆ ಬದಿಗೆ ದಾಟಲು ಸುಮಾರು ಹತ್ತು ಮೀಟರ್ ನಡೆಯಬೇಕು. ಅದಕ್ಕೆ ಎಂಟು ಸೆಕೆಂಡು ಬೇಕು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಚಾಲಕ ಕಂಡೊಡನೆ ತಡೆ ಹಾಕಿದರೂ ರೈಲು ನಿಲ್ಲಲು ನೂರಾರು ಮೀಟರ್ ಬೇಕು.

ಮರುದಿನ ರಟ್ಟಿನಿಂದ ಒಂದು ಮೇಲ್ಸೇತುವೆ ಮಾಡಿ, ಆ ಗೊಂಬೆಯನ್ನು ಅದರ ಮೇಲೆ ನಿಲ್ಲಿಸಿದೆವು. ಪ್ರದರ್ಶನಕ್ಕೆ ಬಂದ ತಾಯಿತಂದೆಯರು ಸೇತುವೆಯನ್ನೂ ಸುರಂಗವನ್ನೂ ಮೆಚ್ಚಿದರು. ನಾವು ಮಾತ್ರ ಅವರಿಗೆ ಆ ನಾಲ್ಕು ಸೆಕೆಂಡುಗಳನ್ನು ಎಣಿಸಿ ತೋರಿಸಿದೆವು. ಓದುಗರೂ ಒಮ್ಮೆ ಎಣಿಸಿ ನೋಡಬೇಕೆಂದು ನಮ್ಮ ವಿನಂತಿ. ಸುತ್ತುದಾರಿಯಾದರೂ ಗೇಟಿನಲ್ಲಿ, ಮೇಲ್ಸೇತುವೆಯಲ್ಲಿಯೇ ದಾಟೋಣ.