ಈ ಸಲ ಹಣ್ಣು ಕುಯ್ಯಕ್ಕೆ ಬರಲ್ಲ ಅಂತ ಹೇಳೋದು ಹೇಗೆ?



ದೀಪಾವಳಿ ಹೊತ್ತಿಗೆ ಮೇಸ್ತ್ರಿಗಳು ಊರಿಗೆ ಬರುತ್ತಾರೆ. ಮೂಡಿಗೆರೆ, ಸಕಲೇಶಪುರ, ಕೊಡಗಿನ ತೋಟಗಳಲ್ಲಿ ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ ಕೊಯ್ಲು. ಎಲ್ಲಾ ಮುಗಿಯುವಾಗ ಫೆಬ್ರವರಿ ಕಳೆದಿರುತ್ತದೆ. ಅಷ್ಟು ದಿನ ನಮ್ಮ ಬಯಲುಸೀಮೆಯ ಸಂಘಗಳಲ್ಲಿ ಅರ್ಧ ಚಾಪೆ ಖಾಲಿ. ಹೋಗುವುದು ತಪ್ಪಲ್ಲ, ಆ ದುಡ್ಡಿನಿಂದಲೇ ಎಷ್ಟೋ ಮನೆಗಳ ಸಾಲ ತೀರಿದೆ. ಆದರೆ ಈ ವರ್ಷ ಹೋಗಲು ಆಗದವರು ಏನು ಮಾಡಬೇಕು?

ನಮ್ಮ ಒಬ್ಬ ಸದಸ್ಯೆಯ ಮಗಳು ಹತ್ತನೇ ತರಗತಿಯಲ್ಲಿದ್ದಳು. ಮೇಸ್ತ್ರಿ ಕೇಳಿದಾಗ ತಾಯಿ "ನೋಡೋಣ ಅಣ್ಣ" ಅಂದರು. ಎರಡನೇ ಸಲ ಬಂದಾಗ ಹಿತ್ತಲಲ್ಲಿ ಕೂತು, "ಅವ್ವ ಮನೇಲಿಲ್ಲ" ಅಂತ ಮಗಳ ಕೈಲಿ ಹೇಳಿಸಿದರು. ಗಾಡಿ ಬಂದ ದಿನ ಬೆಳಗಿನ ಜಾವ ಬಾಗಿಲಲ್ಲೇ ಜಗಳ. ಗಣಪತಿ ಹಬ್ಬಕ್ಕೆ ತಗೊಂಡ ಮೂರು ಸಾವಿರ ಮುಂಗಡ ಬೇರೆ ಇತ್ತು. ಮಾತಾಡಲಾಗದೆ ಮಗಳನ್ನೂ ಕರ್ಕೊಂಡು ಗಾಡಿ ಹತ್ತಿದರು. ಹುಡುಗಿ ಪರೀಕ್ಷೆಗೆ ಕೂರಲಿಲ್ಲ.

ಆಕೆ ಮೊದಲೇ ನಮ್ಮನ್ನು ಕೇಳಿದ್ದರು. "ಸದ್ಯಕ್ಕೆ ನೋಡೋಣ ಅನ್ನಿ" ಅಂದವರು ನಾವೇ. ಮರ್ಯಾದೆಯ ಮಾತು ಅಂದುಕೊಂಡಿದ್ದೆವು. ಮೇಸ್ತ್ರಿ ಕಿವಿಗೆ ಅದು "ಹೂಂ" ಅಂತಲೇ ಕೇಳಿಸಿತ್ತು, ತೋಟದ ರೈಟರಿಗೆ ತಲೆ ಲೆಕ್ಕವನ್ನೂ ಕೊಟ್ಟಾಗಿತ್ತು. ಹಣ್ಣಾದ ಕಾಫಿ ಕಾಯುವುದಿಲ್ಲ, ಉದುರುತ್ತದೆ. ಕೊನೇ ದಿನ ಆಳು ತಪ್ಪಿದರೆ ಅವರ ಕಷ್ಟವೂ ನಿಜವೇ.

ಆದ್ದರಿಂದ ಬರಲ್ಲ ಅನ್ನುವುದನ್ನು ಮೊದಲ ಸಲ ಕೇಳಿದಾಗಲೇ, ಎದುರು ನಿಂತು ಹೇಳಿ. ಹೀಗೆ:

"ಅಣ್ಣ, ಈ ಸಲ ನಾನು ಬರಲ್ಲ. ಮಗಳ ಪರೀಕ್ಷೆ ಇದೆ. ಮೂರು ವರ್ಷ ಕರ್ಕೊಂಡು ಹೋಗಿ ಕೂಲಿ ಸರಿಯಾಗಿ ಕೊಡಿಸಿದ್ದೀರಿ, ಮರೆತಿಲ್ಲ. ನನ್ನ ಲೆಕ್ಕ ಬಿಟ್ಟು ಬೇರೆಯವರನ್ನ ನೋಡ್ಕೊಳ್ಳಿ."

"ಒಂದೇ ತಿಂಗಳು ಬಾರವ್ವ, ಅಡ್ಜಸ್ಟ್ ಮಾಡ್ಕೋ."

"ಒಂದು ತಿಂಗಳೂ ಆಗಲ್ಲ ಅಣ್ಣ. ಕೂತ್ಕೊಳ್ಳಿ, ಟೀ ಕುಡ್ಕೊಂಡು ಹೋಗಿ."

ಎರಡನೇ ಸಲ ಕೇಳಿದರೆ ಹೊಸ ಕಾರಣ ಹುಡುಕಬೇಡಿ. ಹೊಸ ಕಾರಣಕ್ಕೆ ಅವರ ಹತ್ತಿರ ಹೊಸ ಉತ್ತರ ಇರುತ್ತದೆ. ಮೈ ಹುಷಾರಿಲ್ಲ ಅಂತ ಸುಳ್ಳು ಹೇಳಿದರೆ ಸಂತೆಯಲ್ಲಿ ಮುಖ ತಪ್ಪಿಸಿ ಓಡಾಡಬೇಕಾಗುತ್ತದೆ. "ಮುಂದಿನ ವರ್ಷ ಖಂಡಿತ ಬರ್ತೀನಿ" ಅನ್ನುವುದೂ ಬೇಡ, ಆ ಮಾತಿನ ಮೇಲೇ ಇನ್ನೊಂದು ಮುಂಗಡ ಕೈಗೆ ಬರುತ್ತದೆ.

ಈಗ ಮುಂಗಡದ ವಿಷಯ. ಬಾಯಿ ಕಟ್ಟುವುದು ಬಹುಪಾಲು ಇದೇ. ಸಂಘದ ಇಬ್ಬರ ಎದುರಿಗೆ ಹಣ ಹಿಂದಿರುಗಿಸಿ, ಅವರ ಪುಸ್ತಕದಲ್ಲಿ ನಿಮ್ಮ ಹೆಸರು ಹೊಡೆದು ಹಾಕಿಸಿ, ಒಂದು ಚೀಟಿಗೆ ಸಹಿ ತಗೊಳ್ಳಿ. ಕೈಯಲ್ಲಿ ಇಲ್ಲದಿದ್ದರೆ ಸಂಘದಿಂದ ಸಾಲ ಕೇಳಿ, ನಡವಳಿ ಪುಸ್ತಕದಲ್ಲಿ ಬರೆಸಿ. ಇಲ್ಲವೇ ಕಂತಿನಲ್ಲಿ ಕೊಡುತ್ತೇನೆ ಅಂತ ದಿನ ಗೊತ್ತು ಮಾಡಿ. ಮುಂಗಡ ಕೊಟ್ಟಿದ್ದೇನೆ ಅಂತ ಯಾರನ್ನೂ ಬಲವಂತವಾಗಿ ದುಡಿಸುವಂತಿಲ್ಲ. ಅದಕ್ಕೇ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇದೆ. ಹೆದರಿಸಿದರೆ ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ ದೂರು ಕೊಡಬಹುದು. ಒಬ್ಬರೇ ಹೋಗಬೇಡಿ, ಸಂಘದವರು ಜೊತೆಗಿರಲಿ.

ಆ ಹುಡುಗಿ ಮತ್ತೆ ಪರೀಕ್ಷೆಗೆ ಕಟ್ಟಿದ್ದಾಳೆ. ತಾಯಿ ಈ ಸಲ ಮುಂಗಡ ಮುಟ್ಟಿಲ್ಲ.

ಮುಂದಿನ ಸಭೆಯಲ್ಲಿ ಮೇಲಿನ ಮಾತುಕತೆಯನ್ನು ಇಬ್ಬಿಬ್ಬರು ಎದ್ದು ನಿಂತು ಆಡಿ ನೋಡಿ. ಮೇಸ್ತ್ರಿ ಪಾತ್ರಕ್ಕೆ ಜೋರು ಬಾಯಿಯವರನ್ನೇ ಹಾಕಿ.