ನೆಲಮಾಳಿಗೆಯ ಗಣಕಯಂತ್ರ

ಗಣಕಯಂತ್ರವು ಲೆಕ್ಕ ಮಾಡುವ ಯಂತ್ರವೆಂಬುದು ಎಲ್ಲರೂ ಬಲ್ಲ ಸಂಗತಿ. ಅದು ಒಂದು ಬಗೆಯ ಒಲೆಯೂ ಹೌದೆಂಬುದನ್ನು ಗಮನಿಸಿದವರು ಕಡಿಮೆ. ಅದು ಬಳಸುವ ವಿದ್ಯುಚ್ಛಕ್ತಿಯು ಎಷ್ಟೇ ಜಾಣತನದ ಕೆಲಸ ಮಾಡಿದರೂ ಕೊನೆಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬೀಳುತ್ತದೆ. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಎಂಬ ಗಣಕವು ಸುಮಾರು 30 ಟನ್ ತೂಗುತ್ತಿತ್ತು. ಅದರ ಸುಮಾರು 18,000 ನಿರ್ವಾತ ನಳಿಕೆಗಳು ದೀಪಗಳಂತೆ ಕಾಯುತ್ತಿದ್ದವು. ಸುಮಾರು 150 ಕಿಲೋವ್ಯಾಟ್ ವಿದ್ಯುತ್ತನ್ನು ನುಂಗುತ್ತಿದ್ದ ಆ ದೈತ್ಯನಿಗೆ ಗಾಳಿ ಬೀಸಲೆಂದೇ ಬೇರೆ ಯಂತ್ರಗಳನ್ನು ಜೋಡಿಸಬೇಕಾಯಿತು.

ಇಂದಿನ ಗಣಕವು ಮೇಜಿನ ಮೂಲೆಯಲ್ಲಿ ಅಡಗುವಷ್ಟು ಚಿಕ್ಕದು. ಆದರೂ ಒಲೆಯ ಗುಣ ಅದನ್ನು ಬಿಟ್ಟಿಲ್ಲ.

ಅಮೆರಿಕ, ಕೆನಡಾಗಳ ಅನೇಕ ಮನೆಗಳಲ್ಲಿ ಒಂದು ಗಣಕವನ್ನು ಹಗಲಿರುಳೂ ನಡೆಯಲು ಬಿಟ್ಟಿರುತ್ತಾರೆ. ಮನೆಮಂದಿಯ ಛಾಯಾಚಿತ್ರ, ಧ್ವನಿಮುದ್ರಣ, ಕಾಗದಪತ್ರಗಳೆಲ್ಲ ಅದರಲ್ಲಿ ಸಂಗ್ರಹವಾಗಿರುತ್ತವೆ. ಉಳಿದ ಕೋಣೆಗಳ ಗಣಕಗಳೂ ಫೋನುಗಳೂ ಮನೆಯ ಜಾಲದ ಮೂಲಕ ಅವನ್ನು ಪಡೆಯುತ್ತವೆ. ಇಂಥ ಗಣಕಕ್ಕೆ ಸರ್ವರ್ ಎಂದು ಹೆಸರು. ಅದನ್ನು ಹೂಡುವುದು ಕಷ್ಟವಲ್ಲ. ಹಳೆಯದೊಂದು ಗಣಕ, ಒಂದೆರಡು ದೊಡ್ಡ ಹಾರ್ಡ್ ಡಿಸ್ಕುಗಳು, ರೌಟರಿನಿಂದ ಎಳೆದ ತಂತಿ, ಜಾಲದಲ್ಲಿ ಅದಕ್ಕೆಂದೇ ಗೊತ್ತುಪಡಿಸಿದ ಬದಲಾಗದ ವಿಳಾಸ, ಇಷ್ಟಿದ್ದರೆ ಸಾಕು. ಅದನ್ನು ಎಲ್ಲಿಡಬೇಕೆಂಬುದೇ ನಿಜವಾದ ಪ್ರಶ್ನೆ. ಬೀಸಣಿಗೆಗಳ ಮೊರೆತವನ್ನು ಮಲಗುವ ಕೋಣೆಯಲ್ಲಿ ಯಾರು ಸಹಿಸಿಯಾರು? ಆದುದರಿಂದ ಅದು ನೆಲಮಾಳಿಗೆಗೆ ಇಳಿಯುತ್ತದೆ.

ಆ ಶೀತಪ್ರದೇಶಗಳಲ್ಲಿ ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟಿ ಉಬ್ಬುವುದರಿಂದ, ಮನೆಯ ತಳಪಾಯವನ್ನು ಹೆಪ್ಪು ತಲುಪದ ಆಳದವರೆಗೆ ಒಯ್ಯಬೇಕು. ಹೇಗೂ ಅಗೆದದ್ದಾಯಿತು, ಅಲ್ಲೊಂದು ಕೋಣೆಯೂ ಇರಲಿ ಎಂದು ನೆಲಮಾಳಿಗೆಯನ್ನು ಕಟ್ಟುತ್ತಾರೆ. ಆಳಕ್ಕೆ ಹೋದಂತೆ ಮಣ್ಣಿನ ಉಷ್ಣತೆಯಲ್ಲಿ ಏರಿಳಿತ ಕಡಿಮೆ. ಬೇಸಗೆಯಲ್ಲಿಯೂ ಅಲ್ಲಿ ತಂಪಿರುತ್ತದೆ. ನಮ್ಮ ಬಯಲುಸೀಮೆಯ ರೈತರು ಜೋಳವನ್ನು ಕಾಪಾಡಲು ತೋಡುತ್ತಿದ್ದ ಹಗೇವಿಗೂ ಈ ಗುಣವುಂಟು. ಆದರೆ ಹಗೇವಿನ ಬಾಯಿ ತೆರೆದೊಡನೆ ಒಳಕ್ಕಿಳಿಯಬಾರದೆಂದು ಹಿರಿಯರು ಎಚ್ಚರಿಸುತ್ತಿದ್ದರು. ಒಳಗೆ ನಿಂತ ಗಾಳಿ ಕೆಟ್ಟಿರುತ್ತದೆ. ಗಾಳಿಯಾಡದಿರುವುದು ಜೋಳಕ್ಕೆ ಹಿತ, ಗಣಕಕ್ಕೆ ಅಹಿತ.

ಇಪ್ಪತ್ತು ವರ್ಷಗಳ ಛಾಯಾಚಿತ್ರಗಳನ್ನೂ ತೀರಿಹೋದ ಅಜ್ಜಿಯ ಧ್ವನಿಯನ್ನೂ ಇಂಥ ಯಂತ್ರದಲ್ಲಿ ಕಾಪಾಡಿಕೊಂಡ ಸಂಸಾರವೊಂದನ್ನು ವಿದ್ಯಾರ್ಥಿಗಳು ಊಹಿಸಿಕೊಳ್ಳಬಹುದು. ಧೂಳು ತಾಗದಿರಲೆಂದು ಮನೆಯ ಯಜಮಾನನು ಅದನ್ನು ನೆಲಮಾಳಿಗೆಯ ಬೀರುವಿನಲ್ಲಿಟ್ಟು ಬಾಗಿಲು ಮುಚ್ಚುತ್ತಾನೆ. ಕೆಲವು ದಿನ ಎಲ್ಲವೂ ಸುಸೂತ್ರ. ಒಂದು ರಾತ್ರಿ ಸಾವಿರಾರು ಚಿತ್ರಗಳನ್ನು ತುಂಬಲು ತೊಡಗಿದಾಗ ಯಂತ್ರವು ತಾನಾಗಿ ನಿಂತುಹೋಗುತ್ತದೆ.

ಅದರ ಕಾರಣವು ಸರಳವಾದುದು. ಆ ಗಣಕವು 100 ವ್ಯಾಟ್ ಬಳಸುತ್ತದೆಂದು ತಿಳಿದರೆ, ದಿನಕ್ಕೆ 2.4 ಯೂನಿಟ್ ವಿದ್ಯುತ್ತು ಬೀರುವಿನೊಳಗೆ ಶಾಖವಾಗುತ್ತದೆ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಹೊರಡುವ ಶಾಖವೂ ಸುಮಾರು ಅಷ್ಟೇ. ಒಬ್ಬನನ್ನು ಬೀರುವಿನಲ್ಲಿ ಕೂಡಿಹಾಕಿದರೆ ಅವನ ಪಾಡೇನಾದೀತು? ಗಣಕದ ಮಿದುಳೆನಿಸಿದ ಪ್ರೊಸೆಸರು ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಮೊದಲು ತನ್ನ ವೇಗವನ್ನು ತಗ್ಗಿಸುತ್ತದೆ. ಅದರಿಂದಲೂ ತೀರದಿದ್ದರೆ ಯಂತ್ರವನ್ನೇ ನಿಲ್ಲಿಸುತ್ತದೆ. ಅದು ಆತ್ಮರಕ್ಷಣೆ. ಆದರೆ ಅಜ್ಜಿಯ ಧ್ವನಿಯಿರುವುದು ಹಾರ್ಡ್ ಡಿಸ್ಕಿನಲ್ಲಿ. ಅನೇಕ ಡಿಸ್ಕುಗಳಿಗೆ ತಯಾರಕರು ವಿಧಿಸಿರುವ ಮೇರೆ 60 ಡಿಗ್ರಿ ಮಾತ್ರ.

ಇನ್ನೂ ದೊಡ್ಡ ಬೀಸಣಿಗೆಯನ್ನು ಹಾಕಿದರಾಯಿತೆಂದು ಯಜಮಾನನಿಗೆ ತೋರಬಹುದು. ಅದು ತಪ್ಪು ತಿಳಿವಳಿಕೆ. ಬೀಸಣಿಗೆಯು ತಂಪನ್ನು ಹುಟ್ಟಿಸುವುದಿಲ್ಲ. ಗಾಳಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ತಳ್ಳುತ್ತದೆ, ಅಷ್ಟೆ. ಮುಚ್ಚಿದ ಬೀರುವಿನಲ್ಲಿ ಅದು ಅದೇ ಬಿಸಿಗಾಳಿಯನ್ನು ಸುತ್ತಿಸುತ್ತ, ತಾನು ಬಳಸಿದ ವಿದ್ಯುತ್ತಿನ ಶಾಖವನ್ನೂ ಅದಕ್ಕೆ ಕೂಡಿಸುತ್ತದೆ. ಬೇಕಾದುದು ದಾರಿ. ಬಿಸಿಗಾಳಿ ಹಗುರವಾಗಿ ಮೇಲೇರುತ್ತದೆ. ಹಳ್ಳಿಯ ಅಡುಗೆಮನೆಯಲ್ಲಿ ಹೊಗೆಗೆಂದು ಸೂರಿನ ಬಳಿ ಕಿಂಡಿ ಬಿಡುವುದು ಇದನ್ನರಿತೇ. ಬೀರುವಿನ ಕೆಳಗೊಂದು, ಮೇಲೊಂದು ಕಿಂಡಿ ಕೊರೆದು, ಮೇಲಿನದರಲ್ಲಿ ಗಾಳಿಯನ್ನು ಹೊರಕ್ಕೆ ತಳ್ಳುವ ಚಿಕ್ಕ ಬೀಸಣಿಗೆಯನ್ನಿಟ್ಟರೆ ನೆಲದ ಬಳಿಯ ತಂಪುಗಾಳಿ ತಾನೇ ಒಳಬರುತ್ತದೆ. ದೊಡ್ಡ ಗಣಕಕೇಂದ್ರಗಳಲ್ಲಿಯೂ ಯಂತ್ರದೊಳಕ್ಕೆ ಹೋಗುವ ಗಾಳಿ 18ರಿಂದ 27 ಡಿಗ್ರಿಯೊಳಗಿದ್ದರೆ ಸಾಕೆನ್ನುತ್ತಾರೆ. ನೆಲಮಾಳಿಗೆಯು ಅದನ್ನು ಪುಕ್ಕಟೆಯಾಗಿ ಕೊಡುತ್ತದೆ.

ನೆಲಮಾಳಿಗೆಯ ಇನ್ನೊಂದು ಶತ್ರು ನೀರು. ಬೇಸಗೆಯ ತೇವದ ಗಾಳಿ ತಗುಲಿದಾಗ, ತಣ್ಣೀರಿನ ಲೋಟದ ಹೊರಮೈಯಂತೆ ಅಲ್ಲಿನ ಗೋಡೆ ಬೆವರುತ್ತದೆ. ನಡೆಯುತ್ತಿರುವ ಯಂತ್ರವು ಬೆಚ್ಚಗಿರುವುದರಿಂದ ಅದರ ಮೇಲೆ ಹನಿ ಕೂಡುವುದಿಲ್ಲ. ಬಹುಕಾಲ ನಿಲ್ಲಿಸಿಟ್ಟುದಕ್ಕೆ ತುಕ್ಕಿನ ಭಯವುಂಟು. ಮಳೆಯ ನೀರು ನುಗ್ಗಿದರಂತೂ ಮೊದಲು ಮುಳುಗುವುದು ನೆಲದ ಮೇಲಿಟ್ಟ ವಸ್ತು. ಆದುದರಿಂದ ಯಂತ್ರವನ್ನು ಎತ್ತರದ ಹಲಗೆಯ ಮೇಲಿಡಬೇಕು. ಅಜ್ಜಿಯ ಧ್ವನಿಯ ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಯೇ ಇಡಬೇಕು.

ಕಿಂಡಿ ಕೊರೆದ ಮೇಲೆ ಬೀರುವಿನ ಬಾಗಿಲು ಮುಚ್ಚಿದ್ದರೂ ಯಂತ್ರವು ನಿಲ್ಲದೆ ನಡೆಯುತ್ತದೆ. ಹಿಮ ಬೀಳುವ ದಿನಗಳಲ್ಲಿ ಮನೆಯ ಮಕ್ಕಳು ತಮ್ಮ ಒದ್ದೆಯಾದ ಕೈಗವಸುಗಳನ್ನು ಮೇಲಿನ ಕಿಂಡಿಯೆದುರು ಒಣಹಾಕುತ್ತಾರೆ.